ಬಿಡುಗಡೆಯಾದ ಮರುದಿನ

ಯಾವುದಾದರೂ ದೊಡ್ಡ ಅಪರಾಧದ ಸುದ್ದಿ ಟಿವಿಯಲ್ಲಿ ಬಂತು ಅಂದ್ರೆ ನಮ್ಮಲ್ಲಿ ಮಾತು ಒಂದೇ ದಾರಿ ಹಿಡಿಯುತ್ತದೆ. ನಡುರಸ್ತೆಯಲ್ಲಿ ನಿಲ್ಲಿಸಿ ಗುಂಡು ಹೊಡೀಬೇಕು. ಗಲ್ಲಿಗೆ ಹಾಕಬೇಕು. ನಮ್ಮ ತೆರಿಗೆ ದುಡ್ಡಲ್ಲಿ ಇಂಥವರಿಗೆ ಊಟ ಹಾಕಿ ಸಾಕೋದು ಯಾಕೆ? ಆಫೀಸಿನ ಕ್ಯಾಂಟೀನು, ಮದುವೆಮನೆ, ಮನೆಯವರ ವಾಟ್ಸಾಪ್ ಗ್ರೂಪು, ಎಲ್ಲಾ ಕಡೆ ಇದೇ ಮಾತು. ಆ ಸಿಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಒಂದು ಹೆಣ್ಣುಮಗುವಿಗೆ ಹಾಗೆ ಆದಾಗ ಸಿಟ್ಟು ಬರದಿದ್ದರೆ ಮನುಷ್ಯರೇ ಅಲ್ಲ. ನನ್ನನ್ನು ವರ್ಷಗಳಿಂದ ಕೊರೆಯುತ್ತಿರುವುದು ಬೇರೆ. ಶಿಕ್ಷೆ ಆಯ್ತು ಅನ್ನುವಲ್ಲಿಗೆ ನಮ್ಮ ಮಾತು ನಿಂತುಬಿಡುತ್ತದೆ. ಜೈಲಿಗೆ ಹೋದವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಹೊರಗೆ ಬರುತ್ತಾರೆ. ನಾವು ಹತ್ತುವ ಬಸ್ಸನ್ನೇ ಹತ್ತುತ್ತಾರೆ, ನಮ್ಮ ಪಕ್ಕದ ಬೀದಿಯಲ್ಲೇ ಮನೆ ಹುಡುಕುತ್ತಾರೆ. ಹಾಗೆ ಬರುವವನು ಎಂಥವನಾಗಿ ಬರಬೇಕು ಅಂತ ಯೋಚನೆ ಮಾಡಬೇಕಾದವರು ನಾವೇ ಅಲ್ವಾ?

2019ರ ಡಿಸೆಂಬರ್ 6ರ ಬೆಳಿಗ್ಗೆ ನೆನಪಿರಬಹುದು. ಹೈದರಾಬಾದಿನಲ್ಲಿ ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವಿನ ಮಳೆ ಸುರಿಸಿದರು, ಪಟಾಕಿ ಹೊಡೆದರು. ಪೊಲೀಸರು ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದರು ಅಂತ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗ ಆಮೇಲೆ ಹೇಳಿತು. ಆ ಹೊತ್ತಿಗೆ ಕೇಳೋರು ಯಾರೂ ಇರಲಿಲ್ಲ. ವಿಚಾರಣೆಯೇ ಆಗದ ಕಾರಣ ಆ ನಾಲ್ವರಲ್ಲಿ ಯಾರು ಏನು ಮಾಡಿದ್ದರು ಅನ್ನೋದು ಯಾವ ಕೋರ್ಟಿನಲ್ಲೂ ತೀರ್ಮಾನ ಆಗಲಿಲ್ಲ. ನಮಗೆ ಬೇಕಾಗಿದ್ದದ್ದು ನ್ಯಾಯವೋ, ಎದೆಯ ಉರಿ ಆರುವುದೋ?

ಮಚ್ಚು ಬೀಸಿದ ಸಂಜೆ

ನಮ್ಮೂರು ತಿಪಟೂರಿನ ಕಡೆ, ತೆಂಗಿನ ತೋಟಗಳ ನಡುವೆ. ನಾನು ಹೈಸ್ಕೂಲಿನಲ್ಲಿದ್ದಾಗ ಊರಲ್ಲಿ ಒಂದು ಕೊಲೆಯಾಯಿತು. ಕೊಂದವನು, ಸತ್ತವನು ಇಬ್ಬರೂ ದಾಯಾದಿಗಳು. ಎರಡು ತೋಟಗಳ ನಡುವಿನ ಬದುವಿನ ಮೇಲಿದ್ದ ಮರಗಳು ಯಾರಿಗೆ ಸೇರಬೇಕು ಅನ್ನೋದು ಜಗಳ. ಸರ್ವೆಯವರು ಬಂದು ಅಳೆದು ಹೋಗಿದ್ದರು, ಊರ ಹಿರಿಯರು ಪಂಚಾಯ್ತಿ ಮಾಡಿದ್ದರು, ಯಾವುದಕ್ಕೂ ಇಬ್ಬರೂ ಬಗ್ಗಿರಲಿಲ್ಲ. ಒಂದು ಸಂಜೆ ಕಾಯಿ ಕೀಳಿಸುವಾಗ ಮಾತಿಗೆ ಮಾತು ಬೆಳೆಯಿತು. ತಾಯಿಯ ಹೆಸರು ಹಿಡಿದು ಬೈದಾಟ ಆಯಿತು. ಕಾಯಿ ಸುಲಿಯಲು ತಂದಿದ್ದ ಮಚ್ಚು ಒಬ್ಬನ ಕೈಯಲ್ಲೇ ಇತ್ತು, ಬೀಸಿಬಿಟ್ಟ. ಓಡಿ ಹೋಗಲಿಲ್ಲ. ಮಚ್ಚು ಅಲ್ಲೇ ಹಾಕಿ, ಕತ್ತಲಾಗಿ ಪೊಲೀಸ್ ಜೀಪು ಬರುವವರೆಗೂ ಅದೇ ಬದುವಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಆ ಕಡೆ ಸತ್ತವನ ಹೆಂಡತಿ, ಆಗಿನ್ನೂ ಇಪ್ಪತ್ತೈದು ದಾಟದ ಹುಡುಗಿ, ಕಂಕುಳಲ್ಲಿ ಮಗು ಎತ್ತಿಕೊಂಡು ಓಡಿ ಬರುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವನಿಗೆ ಜೀವಾವಧಿ ಆಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಊರು ಹೇಳಿತು. ಆ ಮಾತು ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ಜೀವ ತೆಗೆದವನಿಗೆ ಏನೂ ಆಗದೆ ಹೋದರೆ ಸತ್ತವನ ಜೀವಕ್ಕೆ ಬೆಲೆಯೇ ಇಲ್ಲ ಅಂತ ಊರಿಗೆ ಊರೇ ಒಪ್ಪಿಕೊಂಡ ಹಾಗೆ. ಶಿಕ್ಷೆಯ ಮೊದಲ ಕೆಲಸ ಅದೇ, ನೀನು ಮಾಡಿದ್ದು ತಪ್ಪು ಅಂತ ಎಲ್ಲರ ಪರವಾಗಿ ಗಟ್ಟಿಯಾಗಿ ಹೇಳುವುದು. ಅದಿಲ್ಲದಿದ್ದರೆ ಸತ್ತವನ ಕಡೆಯವರು ತಾವೇ ಮಚ್ಚು ಹಿಡಿದು ಹೊರಡುತ್ತಾರೆ, ಅಲ್ಲಿಗೆ ಎರಡು ತಲೆಮಾರು ಮುಗಿಯಿತು.

ಆದರೆ ಎರಡನೆಯ ವಾದ ಇದೆಯಲ್ಲ, ಒಬ್ಬನಿಗೆ ಕಠಿಣ ಶಿಕ್ಷೆ ಕೊಟ್ಟರೆ ನೂರು ಜನ ಹೆದರುತ್ತಾರೆ ಅನ್ನೋದು, ಅದನ್ನು ಆ ಸಂಜೆಯ ಮುಂದೆ ಇಟ್ಟು ನೋಡಿದರೆ ನನಗೆ ಅನುಮಾನ. ಕೈ ಎತ್ತಿದ ಗಳಿಗೆಯಲ್ಲಿ ಅವನ ತಲೆಯಲ್ಲಿ ಕೊಲೆಗೆ ಶಿಕ್ಷೆ ಹೇಳುವ 302ನೇ ಕಲಮು ಇತ್ತಾ? ಹೊಲದ ಬದು, ನೀರಿನ ಸರದಿ, ಕುಡಿತ, ಅನುಮಾನ, ಮರ್ಯಾದೆ. ನಮ್ಮ ಕಡೆಯ ಕೊಲೆಗಳ ಹಿಂದೆ ನಾನು ಕೇಳಿರುವುದು ಬಹುತೇಕ ಇವೇ. ಲೆಕ್ಕ ಹಾಕಿ ಅಪರಾಧ ಮಾಡುವವರೂ ಇದ್ದಾರೆ, ನಿಜ. ಅವರು ಲೆಕ್ಕ ಹಾಕುವುದು ಸಿಕ್ಕಿಬೀಳುತ್ತೀನೋ ಇಲ್ಲವೋ ಅಂತ. ಎಷ್ಟು ವರ್ಷ ಆಗುತ್ತದೆ ಅನ್ನೋದು ಆಮೇಲಿನ ಮಾತು. 2012ರಲ್ಲಿ ದೆಹಲಿಯ ಬಸ್ಸಿನಲ್ಲಿ ಸಾಮೂಹಿಕ ಅತ್ಯಾಚಾರ ಆದಮೇಲೆ 2013ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ, ದೇಶ ಅಷ್ಟೊಂದು ಕುದಿಯುತ್ತಿದ್ದಾಗಲೂ ಅತ್ಯಾಚಾರಕ್ಕೆ ಗಲ್ಲು ಬೇಡ ಅಂತಲೇ ಹೇಳಿತ್ತು. ಪೊಲೀಸರು ದೂರು ತಗೊಳ್ಳಲಿ, ತನಿಖೆ ಸರಿಯಾಗಿ ಆಗಲಿ ಅನ್ನೋದರ ಮೇಲೆ ಅದು ಒತ್ತು ಕೊಟ್ಟಿತ್ತು. ಆ ಕೆಲಸ ಕಷ್ಟದ್ದು, ದುಡ್ಡು ಖರ್ಚಾಗುವಂಥದ್ದು. ಶಿಕ್ಷೆ ಜಾಸ್ತಿ ಮಾಡುವುದಕ್ಕೆ ಒಂದು ತಿದ್ದುಪಡಿ ಸಾಕು.

ಮೂರನೆಯದು, ಹೊರಗೆ ಬಿಟ್ಟರೆ ಮತ್ತೆ ಮಾಡುತ್ತಾನೆ, ಒಳಗೇ ಇರಲಿ ಅನ್ನುವ ವಾದ. ಕೆಲವರ ವಿಷಯದಲ್ಲಿ ಇದನ್ನು ಒಪ್ಪಲೇಬೇಕು. ಒಳಗಿನಿಂದಲೇ ಫೋನಿನಲ್ಲಿ ಸುಪಾರಿ ಕೊಡುವವರು, ಮಕ್ಕಳನ್ನು ಮತ್ತೆ ಮತ್ತೆ ಕೆಣಕುವವರು ಇದ್ದಾರೆ. ಅವರನ್ನು ಬಿಡಿ ಅಂತ ನಾನು ಹೇಳಲಾರೆ. ಆದರೆ ಇಡೀ ಜೈಲನ್ನು ಅವರೊಬ್ಬರಿಗಾಗಿಯೇ ಕಟ್ಟಿದ ಹಾಗೆ ನಡೆಸಬಾರದು.

ಬಣ್ಣ ಹಚ್ಚಿದವರು

ಮೈಸೂರಿನಲ್ಲಿ ಓದುತ್ತಿದ್ದಾಗ ಕಲಾಮಂದಿರದಲ್ಲಿ ಕೈದಿಗಳ ನಾಟಕ ನೋಡಿದ್ದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ರಾಜ್ಯದ ಜೈಲುಗಳ ಒಳಗೆ ಹೋಗಿ ಕೈದಿಗಳಿಗೆ ರಂಗಭೂಮಿ ಕಲಿಸಿದ್ದು ಮೈಸೂರಿನವರಿಗೆಲ್ಲ ಗೊತ್ತು. ಜೀವಾವಧಿ ಆದವರು ವೇಷ ಕಟ್ಟಿ, ಜೈಲಿನ ಗೋಡೆ ದಾಟಿ ಬಂದು, ಟಿಕೆಟ್ ಕೊಂಡು ಕೂತ ಜನರ ಮುಂದೆ ನಾಟಕ ಆಡುವುದು ಆಗ ಸಣ್ಣ ಮಾತಾಗಿರಲಿಲ್ಲ. ಒಬ್ಬ ಕೈದಿ ಹಿಂಬಾಗಿಲಿನಿಂದ ಓಡಿಹೋಗಿದ್ದರೆ ಸಾಕಿತ್ತು, ಅಲ್ಲಿಗೆ ಎಲ್ಲಾ ಮುಗಿದು ಹೋಗುತ್ತಿತ್ತು.

ಆ ರಾತ್ರಿಯ ಕಥೆ ನನಗೆ ಪೂರ್ತಿ ನೆನಪಿಲ್ಲ. ಒಬ್ಬ ಮಾತ್ರ ಚೆನ್ನಾಗಿ ನೆನಪಿದ್ದಾನೆ. ದಪ್ಪ ಮೀಸೆ, ಗಂಟಲು ಸ್ವಲ್ಪ ಒಡೆದದ್ದು, ಮುದುಕನ ಪಾತ್ರ. ಮಗನನ್ನು ಕಳೆದುಕೊಂಡ ಅಪ್ಪ ಒಬ್ಬನೇ ನಿಂತು ಮಾತಾಡುವ ಒಂದು ದೃಶ್ಯ ಇತ್ತು. ಮೊದಲ ಎರಡು ಸಾಲು ಸರಿಯಾಗಿ ಬಂತು. ಮೂರನೆಯ ಸಾಲಿಗೆ ನಿಂತುಬಿಟ್ಟ. ಮರೆತಿದ್ದಾನೆ ಅಂತ ಪಕ್ಕದಿಂದ ಯಾರೋ ಮೆಲ್ಲಗೆ ಸಾಲು ಹೇಳಿಕೊಟ್ಟರು. ಅವನು ಮರೆತಿರಲಿಲ್ಲ, ದನಿ ಹೊರಡುತ್ತಿರಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿ ಯಾವುದೋ ಹಳ್ಳಿಯಿಂದ ಬಂದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು, ಪಕ್ಕದಲ್ಲಿ ಹದಿನೈದು ಹದಿನಾರರ ಹುಡುಗ. ಅವರು ಅವನ ಕಡೆಯವರು ಅಂತ ನಾಟಕ ಮುಗಿದ ಮೇಲೆ ಗೊತ್ತಾಯಿತು. ಪರದೆ ಬಿದ್ದ ಮೇಲೆ ಪಾತ್ರಧಾರಿಗಳನ್ನೆಲ್ಲ ವೇದಿಕೆಯ ಮೇಲೆಯೇ ಸಾಲಾಗಿ ನಿಲ್ಲಿಸಿ, ಮುಖದ ಬಣ್ಣ ಒರೆಸುವ ಮೊದಲೇ ಎಣಿಸಿದರು. ರಾಜ, ಸೈನಿಕ, ಮುದುಕ, ಎಲ್ಲರೂ ತಲೆ ಲೆಕ್ಕಕ್ಕೆ ನಿಂತರು. ಎಣಿಕೆ ಸರಿಯಾದ ಮೇಲೆ ಒಬ್ಬ ಪೊಲೀಸಿನವರು ಆ ಹುಡುಗನನ್ನು ಕರೆದು ಹೋಗಿ ಮಾತಾಡು ಅಂದರು. ಅಪ್ಪ ಮಗ ಮಾತಾಡಲಿಲ್ಲ. ಅಪ್ಪನ ಕೈಗೆ ಹತ್ತಿದ್ದ ಬಣ್ಣ ಹುಡುಗನ ಅಂಗಿಗೆ ಹತ್ತುತ್ತದೆ ಅಂತ ಆತ ಕೈ ಹಿಂದಕ್ಕೆ ಎಳೆದುಕೊಂಡ. ಹುಡುಗ ಬಿಡಲಿಲ್ಲ.

ನಾಟಕ ಮಾಡಿದ ಮಾತ್ರಕ್ಕೆ ಕೊಲೆ ಮಾಡಿದವನು ಸಂತ ಆಗುತ್ತಾನೆ ಅಂತ ನಾನು ನಂಬುವುದಿಲ್ಲ. ಆದರೆ ಮಗನನ್ನು ಕಳೆದುಕೊಂಡವನ ಮಾತನ್ನು ತನ್ನ ಬಾಯಿಯಿಂದಲೇ ಆಡಿ ಆಡಿ ಕಲಿಯುವುದು ಇದೆಯಲ್ಲ, ಹತ್ತು ವರ್ಷ ಗೋಡೆ ನೋಡುತ್ತಾ ಕೂತರೂ ಬರದ ಒಂದು ಅರಿವು ಅದರಿಂದ ಬರಬಹುದು. ನಾನು ಏನು ಮಾಡಿದೆ, ಯಾರಿಗೆ ಮಾಡಿದೆ ಅನ್ನುವ ಅರಿವು. ಅದಿಲ್ಲದೆ ಶಿಕ್ಷೆ ಬರೀ ನೋವು. ಬರೀ ನೋವು ತಿಂದವನು ತಾನೇ ನೊಂದವನು ಅಂದುಕೊಳ್ಳುತ್ತಾನೆ, ತಾನು ಕೊಂದವನನ್ನು ಮರೆತೇ ಬಿಡುತ್ತಾನೆ.

ಒಳಗೆ ಇರುವವರು ಯಾರು

ಸುಧಾರಣೆಯ ಮಾತು ನಮ್ಮ ಕಾನೂನಿಗೆ ಹೊಸದಲ್ಲ. 1958ರಲ್ಲೇ ಪ್ರೊಬೇಷನ್ ಕಾಯ್ದೆ ಬಂದಿದೆ. ಸಣ್ಣ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕೆಲಸ ಕೊಡಿಸುತ್ತೇನೆ ಅಂತ ಹುಡುಗರಿಗೆ ಮೋಸ ಮಾಡಿದ್ದ ಒಬ್ಬ ಯುವಕನ ಕೇಸಿನಲ್ಲಿ, ಸರ್ಕಾರದ ಕೆಲಸ ಮನುಷ್ಯನನ್ನು ತಿದ್ದುವುದು, ಸೇಡು ತೀರಿಸಿಕೊಳ್ಳುವುದಲ್ಲ ಅನ್ನುವ ಅರ್ಥದಲ್ಲಿ ತೀರ್ಪು ಬರೆದರು. ಗಲ್ಲಿನ ವಿಷಯದಲ್ಲೂ 1980ರ ಬಚನ್ ಸಿಂಗ್ ತೀರ್ಪು ನಾವೆಲ್ಲ ಪತ್ರಿಕೆಯಲ್ಲಿ ಓದುವ 'ಅಪರೂಪದಲ್ಲಿ ಅಪರೂಪದ ಪ್ರಕರಣ' ಅನ್ನುವ ಅಳತೆಯನ್ನು ಕೊಟ್ಟಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಈ ಮನುಷ್ಯ ಸುಧಾರಿಸುವ ಸಾಧ್ಯತೆ ಇದೆಯಾ ಅಂತ ಕೋರ್ಟು ನೋಡಬೇಕು, ಇಲ್ಲ ಅನ್ನುವುದಾದರೆ ಅದನ್ನು ಸರ್ಕಾರ ಸಾಕ್ಷಿ ಕೊಟ್ಟು ತೋರಿಸಬೇಕು. ಈ ಎರಡನೆಯ ಮಾತು ಟಿವಿ ಚರ್ಚೆಯಲ್ಲಿ ನನ್ನ ಕಿವಿಗೆ ಬಿದ್ದಿಲ್ಲ.

ನಮ್ಮ ರಾಜ್ಯದ ಇಲಾಖೆಯ ಹೆಸರಲ್ಲೂ ಸುಧಾರಣಾ ಸೇವೆ ಅಂತ ಇದೆ. ಒಳಗಿನ ಸ್ಥಿತಿ ನೋಡಿದರೆ ಯಾರನ್ನು ಹೇಗೆ ಸುಧಾರಿಸುವುದು ಅನ್ನಿಸುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತೇ ಆಗಿಲ್ಲ! ಇವರಿಗೆ ಶಿಕ್ಷೆ ಆಗಿಲ್ಲವಾದ್ದರಿಂದ ಸಜಾ ಕೈದಿಗಳ ಹಾಗೆ ಸಾಮಾನ್ಯವಾಗಿ ಕೆಲಸವೂ ಇಲ್ಲ, ದಿನಗೂಲಿಯೂ ಇಲ್ಲ, ಸುಮ್ನೆ ಕೂತಿರಬೇಕು. ಜಾಮೀನು ಸಿಕ್ಕಿದರೂ ಎಷ್ಟೋ ಜನ ಒಳಗೇ ಉಳಿಯುತ್ತಾರೆ, ಯಾಕಂದ್ರೆ ಪಹಣಿ ಹಿಡಿದುಕೊಂಡು ಬಂದು ಶ್ಯೂರಿಟಿ ಹಾಕುವವರು ಇಲ್ಲ. ಒಂದು ಮೊಬೈಲ್ ಕದ್ದ ಹತ್ತೊಂಬತ್ತರ ಹುಡುಗ ಅಲ್ಲಿ ತಿಂಗಳುಗಟ್ಟಲೆ ಯಾರ ಪಕ್ಕ ಮಲಗುತ್ತಾನೆ, ಯಾರ ಕೆಲಸ ಮಾಡಿಕೊಡುತ್ತಾನೆ, ಹೊರಗೆ ಬಂದ ಮೇಲೆ ಯಾರ ನಂಬರಿಗೆ ಫೋನ್ ಮಾಡುತ್ತಾನೆ? ಇನ್ನೊಂದು ಕಡೆ ದುಡ್ಡಿದ್ದವರ ಜೈಲೇ ಬೇರೆ. ಪರಪ್ಪನ ಅಗ್ರಹಾರದಲ್ಲಿ ರಾಜಾತಿಥ್ಯ ನಡೆಯುತ್ತಿದೆ ಅಂತ 2017ರಲ್ಲಿ ಆಗ ಡಿಐಜಿ ಆಗಿದ್ದ ಡಿ. ರೂಪಾ ವರದಿ ಕೊಟ್ಟಿದ್ದರು. ಜಾತಿ ಕೂಡ ಗೇಟಿನ ಹೊರಗೆ ನಿಲ್ಲುವುದಿಲ್ಲ. ಜೈಲಿನ ಒಳಗೆ ಯಾರು ಗುಡಿಸಬೇಕು, ಯಾರು ಅಡುಗೆ ಮಾಡಬೇಕು ಅನ್ನೋದನ್ನು ಜಾತಿ ನೋಡಿ ಹಂಚುವ ನಿಯಮಗಳು ಹಲವು ರಾಜ್ಯಗಳ ಕೈಪಿಡಿಯಲ್ಲೇ ಇದ್ದವು. ಸುಪ್ರೀಂ ಕೋರ್ಟ್ ಅವನ್ನು ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಸ್ವಾತಂತ್ರ್ಯ ಬಂದು 77 ವರ್ಷ ಆದಮೇಲೆ!

ಬೇರೆ ದಾರಿ ಇಲ್ಲ ಅಂತಲ್ಲ. ಜೈಪುರದ ಹತ್ತಿರ ಸಾಂಗಾನೇರಿನಲ್ಲಿ 1963ರಿಂದ ಬಯಲು ಜೈಲು ಇದೆ. ಸಜೆಯ ಒಂದು ಭಾಗವನ್ನು ಮಾಮೂಲಿ ಜೈಲಿನಲ್ಲಿ ಕಳೆದವರು ಅಲ್ಲಿಗೆ ಬರುತ್ತಾರೆ. ಹೆಂಡತಿ ಮಕ್ಕಳ ಜೊತೆ ಇರಬಹುದು. ಬೆಳಿಗ್ಗೆ ಹೊರಗೆ ದುಡಿಯಲು ಹೋಗಿ ಸಂಜೆ ಹಾಜರಿಗೆ ವಾಪಸ್ ಬರಬೇಕು. ಅವರಲ್ಲಿ ಕೊಲೆ ಕೇಸಿನವರೂ ಇದ್ದಾರೆ. ಕರ್ನಾಟಕದಲ್ಲೂ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಬಂದೀಖಾನೆ ಇದೆ, ಬೇಸಾಯ ಮಾಡಿಸುತ್ತಾರೆ. ಬೆಂಗಳೂರಿನವರಿಗೆ ಕೋರಮಂಗಲ ಅಂದ್ರೆ ಇನ್ನೊಂದೇ ನೆನಪಾಗುತ್ತದೆ, ಹಾಗಾಗಿ ಇದರ ಬಗ್ಗೆ ಕೇಳಿದವರೂ ಕಡಿಮೆ. ಅದೂ ಸಣ್ಣದು. ಸಾವಿರಾರು ಜನ ಸಜಾ ಕೈದಿಗಳಿರುವ ರಾಜ್ಯಕ್ಕೆ ಎಲ್ಲಿ ಸಾಲುತ್ತದೆ? ಐಪಿಸಿ ಬದಲಿಗೆ ಬಂದಿರುವ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆ ಅನ್ನುವ ಶಿಕ್ಷೆ ಸೇರಿದೆ. ಮೊದಲ ಸಲ 5000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ಅದನ್ನು ವಾಪಸ್ ಕೊಟ್ಟವನನ್ನು ಜೈಲಿಗೆ ಕಳಿಸಬೇಕಾಗಿಲ್ಲ. ಇದು ನಿಜವಾಗಿ ಜಾರಿಯಾದರೆ ಆ ಹತ್ತೊಂಬತ್ತರ ಹುಡುಗನ ಬದುಕು ಬೇರೆ ಆಗಬಹುದು.

ವಾಪಸ್ ಬಂದವನು

ನಮ್ಮೂರಿನವನು ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾದ. ಹದಿನಾಲ್ಕು ವರ್ಷ ಪೂರ್ತಿ ಒಳಗಿದ್ದ ಮೇಲೆ, ಬಿಡುಗಡೆ ಮಾಡಬೇಕಾದವರ ಪಟ್ಟಿ ಹೋಗಿ, ವಾಪಸ್ ಬಂದು, ಮತ್ತೆ ಹೋಗಿ, ರಾಜ್ಯಪಾಲರ ಅಂಕಿತ ಬಿದ್ದ ಮೇಲೆ. ಅಣ್ಣನ ಹಾಗಿದ್ದವನು ಮುದುಕನ ಹಾಗೆ ಬಂದಿದ್ದ. ಅಮ್ಮ ಇವನಿಗೆ ಅಂತ ಟ್ರಂಕಿನ ತಳದಲ್ಲಿ ದುಡ್ಡು ಕೂಡಿಟ್ಟು ತೀರಿಕೊಂಡಿದ್ದರು. ಎಲ್ಲಾ ಹಳೇ 500ರ ನೋಟು. ಅವು 2016ರಲ್ಲೇ ರದ್ದಾಗಿದ್ದವು, ಟ್ರಂಕು ತೆರೆದಾಗ ಬರೀ ಕಾಗದ. ರೇಷನ್ ಕಾರ್ಡಿನಲ್ಲಿ ಹೆಸರು ತೆಗೆದಿದ್ದರು. ವಿಳಾಸ ಇಲ್ಲದೆ ಸಿಮ್ ಇಲ್ಲ, ಸಿಮ್ ಇಲ್ಲದೆ ಬ್ಯಾಂಕಿನ ಒಟಿಪಿ ಇಲ್ಲ. ಜೈಲಿನಲ್ಲಿ ದುಡಿದದ್ದು ಖಾತೆಯಲ್ಲಿ ಇದ್ದರೂ ಅದನ್ನು ತೆಗೆಯುವುದಕ್ಕೆ ಅಲೆದಾಡಿದ. ಬೆಂಗಳೂರಿಗೆ ಬಂದು ಸೆಕ್ಯೂರಿಟಿ ಕೆಲಸ ಕೇಳಿದ. ಪೊಲೀಸ್ ವೆರಿಫಿಕೇಷನ್ ಅಂದ ಕೂಡಲೇ ಎದ್ದು ಬಂದ. ಊರಲ್ಲಿ ಯಾರೂ ಬಾಯಿಬಿಟ್ಟು ಬೈಯಲಿಲ್ಲ. ಅವನು ಹೋಟೆಲಿಗೆ ಬಂದರೆ ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಏಳುತ್ತಿದ್ದರು, ಅಷ್ಟೇ.

ಒಳಗೆ ಅವನು ಮರಗೆಲಸ ಕಲಿತಿದ್ದ. ತಿಪಟೂರಿನಲ್ಲಿ ಬಾಗಿಲು ಕಿಟಕಿ ಮಾಡುವ ಒಬ್ಬ ಮೇಸ್ತ್ರಿ ಅವನನ್ನು ಕೆಲಸಕ್ಕೆ ಇಟ್ಟುಕೊಂಡರು. ನಾನು ಅವರನ್ನು ಕೇಳಿದೆ, ಭಯ ಆಗಲಿಲ್ವಾ ಅಂತ. 'ಮೊದಲ ದಿನ ಉಳಿ ಕೈಗೆ ಕೊಟ್ಟು ಹಿಂದೆ ನಿಂತು ನೋಡ್ತಿದ್ದೆ ಕಣಪ್ಪ. ಮೂಲೆ ಕೂಡಿಸೋದು ನೋಡಿದ ಮೇಲೆ ನನ್ನ ಕೆಲಸಕ್ಕೆ ಹೋದೆ. ಇಷ್ಟು ಅಚ್ಚುಕಟ್ಟಾಗಿ ಮಾಡೋನು ನನಗೆ ಈಗ ಸಿಗಲ್ಲ' ಅಂದರು. ಸುಧಾರಣೆಯ ಪರವಾಗಿ ನಾನು ಓದಿದ ಎಲ್ಲಾ ವಾದಗಳಿಗಿಂತ ಆ ಮಾತು ನನಗೆ ಜಾಸ್ತಿ ಹಿಡಿಸಿತು. ಅಲ್ಲಿ ದಯೆ ದಾಕ್ಷಿಣ್ಯದ ಮಾತಿಲ್ಲ. ಕೆಲಸ ಬರುವವನಿಗೆ ಕೆಲಸ. ಆದರೆ ಈ ಮೇಸ್ತ್ರಿ ಸಿಕ್ಕಿದ್ದು ಅವನ ಅದೃಷ್ಟ. ಅದೃಷ್ಟ ಇಲ್ಲದವರಿಗೆ ಬಿಡುಗಡೆಯ ದಿನವೇ ಆಧಾರ್, ಬ್ಯಾಂಕ್ ಖಾತೆ, ಇರಲು ಒಂದು ಜಾಗ, ಒಬ್ಬ ಮೇಸ್ತ್ರಿಯ ವಿಳಾಸ ಕೈಗೆ ಕೊಡುವವರು ಯಾರು? ಅದನ್ನು ಮಾಡಬೇಕಾದ್ದು ಸರ್ಕಾರ, ಬಿಡುಗಡೆಗೆ ಆರು ತಿಂಗಳು ಮೊದಲೇ.

ಆ ಮನೆಯವರು

ಇಷ್ಟೆಲ್ಲ ಬರೆಯುವಾಗ ಸತ್ತವನ ಹೆಂಡತಿಯನ್ನು ಬಿಟ್ಟು ಬರೆದರೆ ಅದು ಅನ್ಯಾಯ. ಕೈದಿಯ ಪರ ಮಾತಾಡುವವರಿಗೆ ನೊಂದವರ ಮನೆ ಕಾಣುವುದಿಲ್ಲ ಅಂತ ಜನ ಹೇಳುತ್ತಾರೆ, ಎಷ್ಟೋ ಸಲ ಅದು ನಿಜ. ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಅವನು ಊರಿಗೆ ಬಂದ ವರ್ಷ ಹಬ್ಬಕ್ಕೆ ಹೋದಾಗ ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೇಳಬೇಕೋ ಬೇಡವೋ ಅಂತ ನಾನು ತಡವರಿಸುತ್ತಿದ್ದಾಗ ಅವರೇ ಮಾತು ತೆಗೆದರು.

'ಬಿಟ್ಟು ಕಳಿಸಿದ್ರು ಅಂತ ಎಲ್ಲಾ ನನ್ನ ಮುಖ ನೋಡ್ತಾರೆ ಕಣಪ್ಪ. ನಾನು ಅಳ್ಲಿ ಅಂತಲೋ ಏನೋ. ಅವನು ಒಳಗಿದ್ದಷ್ಟು ವರ್ಷ ನಮ್ಮನೆ ಒಲೆ ಹಚ್ಚೋಕೆ ಯಾರಾದ್ರೂ ಬಂದಿದ್ರಾ? ಕೂಲಿ ಮಾಡಿದೆ, ಕೊಬ್ಬರಿ ಸುಲಿದೆ, ಮಗನ್ನ ಐಟಿಐ ಓದಿಸಿದೆ. ಅವನು ಅಲ್ಲಿ ದುಡಿದಿದ್ರಲ್ಲಿ ನಮ್ಮ ಹುಡುಗನ ಫೀಸು ಕಟ್ಟಿದ್ರೆ ಅದನ್ನ ಶಿಕ್ಷೆ ಅಂತ ಒಪ್ಕೋತಿದ್ದೆ.'

ಕ್ಷಮಿಸಿದ್ದೀನಿ ಅಂತ ಅವರು ಹೇಳಲಿಲ್ಲ. ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅವರು ಕೇಳಿದ್ದನ್ನು ಕಾನೂನು ಯೋಚಿಸಿಯೇ ಇಲ್ಲ ಅಂತಲ್ಲ. 1998ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲನ್ನು ಅಪರಾಧದಿಂದ ನೊಂದವರಿಗೆ ತೆಗೆದಿಡುವ ಹಾಗೆ ಕಾನೂನು ಮಾಡಿ ಅಂತ ರಾಜ್ಯಗಳಿಗೆ ಹೇಳಿತ್ತು. ಕರ್ನಾಟಕದಲ್ಲಿ ಈಚೆಗೆ ಸಜಾ ಕೈದಿಗಳ ದಿನಗೂಲಿ ಐನೂರು ರೂಪಾಯಿ ದಾಟಿದೆ. ಕೂಲಿ ಜಾಸ್ತಿ ಆಯ್ತು ಅಂತ ಸುದ್ದಿ ಬಂದಾಗ ಜನ ಉರಿದುಬಿದ್ದರು, ಕೊಲೆ ಮಾಡಿದವನಿಗೆ ಇಷ್ಟಾ ಅಂತ. ಆ ಕೂಲಿಯಲ್ಲಿ ಒಂದು ಪಾಲು ಪ್ರತಿ ತಿಂಗಳೂ ಅಕ್ಕನಂಥವರ ಖಾತೆಗೆ ನೇರವಾಗಿ ಬೀಳುವ ಹಾಗಾದರೆ ಒಳಗೆ ದುಡಿಯುವವನಿಗೂ ತಾನು ಯಾರಿಗಾಗಿ ದುಡಿಯುತ್ತಿದ್ದೇನೆ ಅಂತ ಗೊತ್ತಿರುತ್ತದೆ. ನನ್ನ ಪ್ರಕಾರ ಸುಧಾರಣೆ ಶುರುವಾಗಬೇಕಾದ್ದು ಅಲ್ಲಿಂದ.

ಅಕ್ಕನ ಕೇಸು ನಡೆದಾಗ ಇಲ್ಲದ ಇನ್ನೊಂದು ದಾರಿ ಈಗ ಇದೆ. ಅಪರಾಧದಲ್ಲಿ ಮನೆಯವರನ್ನು ಕಳೆದುಕೊಂಡವರು, ಗಾಯಗೊಂಡವರು ಸರ್ಕಾರದಿಂದಲೇ ಪರಿಹಾರ ಕೇಳಬಹುದು. ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 2008ರ ತಿದ್ದುಪಡಿಯಲ್ಲಿ ಬಂದದ್ದು, ಅದರ ಬದಲಿಗೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಎಷ್ಟು ಪರಿಹಾರ ಅಂತ ತೀರ್ಮಾನಿಸುವುದು ಕಾನೂನು ಸೇವಾ ಪ್ರಾಧಿಕಾರ, ಅದು ಪ್ರತಿ ಜಿಲ್ಲೆಯಲ್ಲೂ ಇದೆ. ಅಪರಾಧಿ ಯಾರು ಅಂತ ಪತ್ತೆಯೇ ಆಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಅರ್ಜಿ ಹಾಕಬಹುದು. ನಿಮ್ಮ ಊರಲ್ಲಿ ಅಂಥ ಮನೆ ಇದ್ದರೆ ದಯವಿಟ್ಟು ಹೋಗಿ ಹೇಳಿ, ಜೊತೆಗೆ ಹೋಗಿ ಅರ್ಜಿ ಬರೆದುಕೊಡಿ. ಎಷ್ಟೋ ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ಲ.